ಪಕ್ಕದ ಬೆಂಚಿನ ಕೊಡೆ

ಕೇರಳಕ್ಕೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 1. ಇಲ್ಲಿ ಶಾಲೆಯ ಬಾಗಿಲು ತೆರೆಯುವುದೂ ವಾಡಿಕೆಯಲ್ಲಿ ಅದೇ ಹೊತ್ತಿಗೆ. ಎರಡು ತಿಂಗಳು ಬಿಸಿಲಲ್ಲಿ ಅಲೆಯಲು ಬಿಟ್ಟ ಮಕ್ಕಳನ್ನು ಸರಿಯಾಗಿ ಮಳೆ ಹೊಡೆಯುವ ದಿನ ನೋಡಿ ಮನೆಯಿಂದ ಹೊರಗೆ ಕಳಿಸುವ ಈ ಏರ್ಪಾಡು ಮಾಡಿದವನಿಗೆ ಯಾವುದೋ ಕೊಡೆ ಅಂಗಡಿಯಲ್ಲಿ ಪಾಲು ಇದ್ದಿರಲೇಬೇಕು ಎಂಬುದು ನಮ್ಮತ್ತೆಯ ಅನುಮಾನ. ನನಗಂತೂ ಅನುಮಾನವೇ ಇಲ್ಲ. ಮೇ ಕೊನೆಯ ವಾರ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಗೆ ಬಂದು ನೋಡಿ. ಹಗ್ಗ ಕಟ್ಟಿ ಬಿಡಿಸಿಟ್ಟ ಕೊಡೆಗಳ ಅಡಿಯಲ್ಲಿ ಅಮ್ಮಂದಿರು ಬೆಲೆಯ ಚೀಟಿ ತಿರುಗಿಸಿ ನೋಡುತ್ತಿರುತ್ತಾರೆ, ಮಕ್ಕಳು ಚೀಟಿಯ ಕಡೆ ಕಣ್ಣೇ ಹಾಕದೆ ಹೂವಿನ ಚಿತ್ರ ನೋಡುತ್ತಿರುತ್ತಾರೆ.

ನಮ್ಮ ಕಾಲಕ್ಕೆ ಕೊಡೆಗೆ ಜಾತಿ ಒಂದೇ. ಕಪ್ಪು ಬಟ್ಟೆ, ಬಾಗಿದ ಹಿಡಿ. ನನ್ನ ಅಜ್ಜ ಅದನ್ನು ಅಂಗಿಯ ಕಾಲರಿಗೆ ಬೆನ್ನ ಕಡೆಯಿಂದ ಸಿಕ್ಕಿಸಿಕೊಂಡು ಎರಡೂ ಕೈ ಬೀಸಿ ನಡೆಯುತ್ತಿದ್ದರು. ಕಡ್ಡಿ ಮುರಿದರೆ ಕಡ್ಡಿ, ಬಟ್ಟೆ ಹೋದರೆ ಬಟ್ಟೆ ಹಾಕಿಸಿ, ಕೊನೆಗೆ ಹಿಡಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಹೊಸತಾದ ಮೇಲೂ ಅದು ಅಜ್ಜನ ಹಳೇ ಕೊಡೆಯೇ. ಈಗ ಆಲಪ್ಪುಳದಿಂದ ಪೋಪಿ ಬರುತ್ತದೆ, ಜಾನ್ಸ್ ಬರುತ್ತದೆ. ಎರಡೂ ಒಂದೇ ಮನೆತನದ ಕಂಪೆನಿಗಳು, 1995ರಲ್ಲಿ ಪಾಲಾದವು. ದಾಯಾದಿಗಳು ಬೇರೆಯಾದರೆ ಊರವರಿಗೆ ಗಲಾಟೆ ನೋಡುವ ಸುಖವಾದರೂ ಸಿಗುವುದುಂಟು, ಇಲ್ಲಿ ನಮಗೆ ಸಿಕ್ಕಿದ್ದು ಟಿವಿಯಲ್ಲಿ ಎರಡು ಪಟ್ಟು ಜಾಹೀರಾತು. ಮೇ ತಿಂಗಳಲ್ಲಿ ಮಲಯಾಳ ಚಾನೆಲ್ ಹಾಕಿದರೆ ಸಾಕು, ಎರಡನೇ ಕ್ಲಾಸಿನ ನನ್ನ ಮಗನಿಗೆ ಮಳೆಯೇ ಇಲ್ಲದೆ ನೆನೆದ ಹಾಗೆ ಆಗುತ್ತದೆ.

ಅವನಿಗೆ ಬೇಕಾದದ್ದು ಥ್ರೀ ಫೋಲ್ಡ್. ಗುಂಡಿ ಒತ್ತಿದರೆ ಟಪ್ಪನೆ ಬಿಚ್ಚಿಕೊಳ್ಳುವಂಥದ್ದು. ಬಿಚ್ಚುವುದೇನೋ ಸರಿ, ಮುಚ್ಚುವುದುಂಟಲ್ಲ, ಅದು ದೊಡ್ಡವರ ಕೆಲಸ. ಹಿಡಿಯನ್ನು ಎದೆಗೊತ್ತಿ, ದಂಟನ್ನು ಒಳಕ್ಕೆ ನೂಕಿ, ಟಿಕ್ ಎನ್ನುವ ತನಕ ಬಿಡಬಾರದು. ಅರ್ಧದಲ್ಲಿ ಕೈ ಜಾರಿದರೆ ಹಾರಿ ಬಂದು ಗಲ್ಲಕ್ಕೆ ಹೊಡೆಯುತ್ತದೆ. ಏಳು ವರ್ಷದ ಕೈಗೆ ಆ ಬಲ ಎಲ್ಲಿಂದ? ಬಸ್ಸು ಹತ್ತುವಾಗ ಕೊಡೆ ಅರ್ಧ ಮುಚ್ಚಿ ಅರ್ಧ ಬಿಚ್ಚಿ ಕಂಡಕ್ಟರನ ಹೊಟ್ಟೆಗೆ ತಿವಿಯುತ್ತದೆ. ಮೊದಲೇ ಒಂದು ರೂಪಾಯಿ ಕೊಟ್ಟು ಹೋಗುವ ವಿದ್ಯಾರ್ಥಿ ಕನ್ಸೆಷನ್ನಿನ ಗಿರಾಕಿ, ಮೇಲಿಂದ ತಿವಿತ ಬೇರೆ. ಇನ್ನು ಕಡ್ಡಿಯ ತುದಿಯಲ್ಲಿ ಬಟ್ಟೆಗೆ ಹೊಲಿದ ಸಣ್ಣ ಟೊಪ್ಪಿಗಳಿವೆಯಲ್ಲ, ಮೊದಲ ಗಾಳಿಗೆ ಬಿಡುವುದು ಅದರ ಹೊಲಿಗೆ. ಸೂಜಿ ದಾರ ಹಿಡಿದು ಕೂತರೆ ಆ ಟೊಪ್ಪಿಯ ತೂತು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಮಾತ್ರ ಚುಚ್ಚುತ್ತದೆ.

ಇದನ್ನೆಲ್ಲ ಮಗನಿಗೆ ವಿವರಿಸಿ ಹೇಳಿದೆ. ಅವನು ಪೂರ್ತಿ ಕೇಳಿ, "ಆದ್ರೆ ಅವನ ಹತ್ರ ಉಂಟಲ್ಲ" ಎಂದ. ಅವನು ಎಂದರೆ ಪಕ್ಕದ ಬೆಂಚಿನ ಹುಡುಗ. ನಮ್ಮ ಮನೆಯ ಬಜೆಟ್ ಮಂಡಿಸುವುದು ನಾನೂ ಅಲ್ಲ, ಇವರೂ ಅಲ್ಲ, ಆಗಿನ್ನೂ ನಾನು ಮುಖ ನೋಡದಿದ್ದ ಆ ಹುಡುಗ. ಬ್ಯಾಗಿಗೆ ಚಕ್ರ ಇರಬೇಕೋ ಬೇಡವೋ, ಬಾಟಲಿ ಸ್ಟೀಲಿನದ್ದೋ ಪ್ಲಾಸ್ಟಿಕ್ಕಿನದ್ದೋ, ಬಾಕ್ಸಿನ ಮುಚ್ಚಳದ ಮೇಲೆ ಯಾವ ಬೊಂಬೆ, ಎಲ್ಲ ಅವನ ತೀರ್ಮಾನ. ಒಮ್ಮೆ ಪೇರೆಂಟ್ಸ್ ಮೀಟಿಂಗಿನಲ್ಲಿ ಆ ಹುಡುಗನ ಅಮ್ಮ ಸಿಕ್ಕಿದಳು. "ನಿಮ್ಮ ಮಗನ ಹತ್ರ ಉಂಟು ಅಂತ ಹೇಳಿ ನಮ್ಮವ ದಿನಾ ರಂಪ ಮಾಡ್ತಾನೆ ಮಾರಾಯ್ತಿ" ಎಂದು ಅವಳೇ ಶುರು ಮಾಡಿದಳು. ಇಬ್ಬರೂ ಸೇರಿ ಹುಡುಗರಿಬ್ಬರನ್ನೂ ಹುಡುಕಿದೆವು. ಮೈದಾನದಲ್ಲಿ ಒಂದೇ ಕೊಡೆಯಡಿ ಇಬ್ಬರು, ಇನ್ನೊಂದು ಕೊಡೆ ಮಡಚಿದ ಹಾಗೇ ಕ್ರಿಕೆಟ್ ಬ್ಯಾಟು.

ಹಿರಿಯರ ಉಳಿತಾಯಕ್ಕೂ ಅದರದೇ ಶಾಸ್ತ್ರವುಂಟು. ಬಟ್ಟೆ ತೆಗೆಯುವಾಗ ಒಂದು ಸೈಜು ದೊಡ್ಡದು ತೆಗೆಯಬೇಕು, ಬೆಳೆಯುವ ಮಕ್ಕಳು. ಚಪ್ಪಲಿಗೂ ಅದೇ ನಿಯಮ. ಹೀಗೆ ಮೊದಲ ವರ್ಷ ತೋಳು ಮಡಚಿ ಹಾಕಿ, ಎರಡನೇ ವರ್ಷ ಇನ್ನೇನು ಸರಿಯಾಯಿತು ಎನ್ನುವಷ್ಟರಲ್ಲಿ ಮೊಣಕೈ ಹರಿದಿರುತ್ತದೆ. ಅಳತೆಗೆ ಸರಿಯಾದ ಬಟ್ಟೆ ತೊಟ್ಟ ಮಗುವನ್ನು ನಮ್ಮ ಕಡೆ ಮದುವೆ ಮನೆಯಲ್ಲಿ ಮಾತ್ರ ನೋಡಬಹುದು, ಅದೂ ಎರವಲು ತಂದದ್ದಾದರೆ.

ಗಡಿಯಲ್ಲಿರುವವರಿಗೆ ಪ್ರತಿ ಸಾಮಾನಿಗೂ ಎರಡು ಬೆಲೆ. ಇಲ್ಲಿ ಇಷ್ಟು, ಕುಡ್ಲದಲ್ಲಿ, ಅಂದರೆ ಮಂಗಳೂರಿನಲ್ಲಿ, ಎಷ್ಟೋ. ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಪೆಟ್ರೋಲು ಕಡಿಮೆ ಎಂಬುದು ಗೊತ್ತಿದ್ದದ್ದೇ, ಆ ಒಂದು ಸತ್ಯದ ಬಲದಿಂದ ಬನಿಯನ್ನಿನಿಂದ ಬೆಲ್ಲದ ತನಕ ಎಲ್ಲವೂ ಅಲ್ಲಿ ಕಡಿಮೆ ಎಂದು ನಮ್ಮೂರಿನ ಅರ್ಧ ಜನ ನಂಬಿದ್ದಾರೆ. ಕಾಸರಗೋಡಿನಿಂದ ಮಂಗಳೂರಿಗೆ ಐವತ್ತು ಕಿಲೋಮೀಟರಿನ ಆಸುಪಾಸು. ಹಂಪನಕಟ್ಟೆಯಲ್ಲಿ ಇಳಿದು ಬ್ಯಾಗಿನಲ್ಲಿ ನೂರು ರೂಪಾಯಿ ಉಳಿಸಿದ್ದು ನಿಜ. ಆದರೆ ಮಕ್ಕಳನ್ನು ಕರೆದುಕೊಂಡು ಹೋದ ಮೇಲೆ ಐಸ್‌ಕ್ರೀಮು ತಿನ್ನಿಸದೆ ಬರಲಿಕ್ಕಾಗುತ್ತದೆಯೇ? ನಾಲ್ಕು ಜನರ ಬಸ್ ಚಾರ್ಜು, ನಾಲ್ಕು ಗಡ್‌ಬಡ್, ಹೊತ್ತಾಯಿತೆಂದು ಕೊನೆಗೆ ಆಟೋ. ಇವರು ಬಸ್ಸಿನಲ್ಲೇ ಲೆಕ್ಕ ಹಾಕಿ, ಕಿಟಕಿಯ ಹೊರಗೆ ನೋಡುತ್ತಾ, "ಬ್ಯಾಗು ಒಳ್ಳೇ ಉಂಟು" ಎಂದರು. ಅತ್ತೆಗೆ ನಾವು ಹೇಳಿದ್ದು ಬ್ಯಾಗಿನ ಬೆಲೆಯನ್ನು ಮಾತ್ರ. ಅವರು ಅದನ್ನು ನೆರೆಕರೆಗೆಲ್ಲ ಹೇಳಿ ಇನ್ನೂ ಎರಡು ಕುಟುಂಬಗಳನ್ನು ಮಂಗಳೂರಿಗೆ ಹೊರಡಿಸಿದರು.

ಕೇರಳದಲ್ಲಿದ್ದುಕೊಂಡು ಸಂಸಾರ ನಡೆಸುವವರು ಇಲ್ಲಿನ ಸೌಕರ್ಯವನ್ನೂ ಹೇಳಬೇಕು. ನಮ್ಮದು ಆದ್ಯತೆಯಿಲ್ಲದವರ ಬಿಳಿ ಕಾರ್ಡು, ರೇಷನ್ನಿನಲ್ಲಿ ಅಕ್ಕಿ ಕಿಲೋಗೆ 10 ರೂಪಾಯಿ 90 ಪೈಸೆ. ಸರಕಾರದ ದಿನಸಿ ಅಂಗಡಿಯಾದ ಮಾವೇಲಿ ಸ್ಟೋರಿನಲ್ಲಿ 13 ಬಗೆ ಸಾಮಾನು ಸಬ್ಸಿಡಿಯಲ್ಲಿ. 2016ರಿಂದ ಅಲುಗಾಡದೆ ನಿಂತಿದ್ದ ಆ ದರಗಳು 2024ರ ಫೆಬ್ರವರಿಯಲ್ಲಿ, ಮಾರ್ಕೆಟಿಗಿಂತ 35 ಶೇಕಡಾ ಕಡಿಮೆ ಎಂಬ ಲೆಕ್ಕಕ್ಕೆ ಏರಿದವು. ಆದರೂ ಕಡಿಮೆಯೇ. ಅದರಲ್ಲೂ 2025ರ ಮಳೆಗಾಲದಲ್ಲಿ ತೆಂಗಿನೆಣ್ಣೆ ಲೀಟರಿಗೆ 400 ದಾಟಿದಾಗ ಸಬ್ಸಿಡಿ ಎಣ್ಣೆಯ ಪ್ಯಾಕೆಟ್ಟಿನ ಬೆಲೆ ನಮಗೆ ಗೊತ್ತಾಯಿತು. ಆ ತಿಂಗಳು ಮಗಳ ಜಡೆಗೆ ಎಣ್ಣೆ ಹಚ್ಚುವಾಗ ಅಂಗೈಯಲ್ಲಿ ಹಿಡಿಯುತ್ತಿದ್ದ ಎಣ್ಣೆ ಬೆರಳ ತುದಿಗೆ ಇಳಿಯಿತು. ಅವಳಿಗೆ ಖುಷಿ. ಎಣ್ಣೆ ಸುರಿಯುವ ತಲೆ ಅವಳ ಕ್ಲಾಸಿನಲ್ಲಿ ಈಗ ಯಾರಿಗೂ ಬೇಡವಂತೆ. ಬೆಲೆಯೇರಿಕೆಯಿಂದ ಸಂತೋಷಪಟ್ಟ ಒಂದೇ ಜೀವ ಅವಳು.

ಶಾಲೆಯಲ್ಲಿ ಎಂಟನೇ ಕ್ಲಾಸಿನ ತನಕ ಮಧ್ಯಾಹ್ನದ ಊಟ ಉಂಟು. ವಾರಕ್ಕೆ ಎರಡು ದಿನ ಹಾಲು, ಒಂದು ದಿನ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ನೇಂದ್ರ ಬಾಳೆಹಣ್ಣು. ಮನೆಯಲ್ಲಿ ಹಾಲಿನ ಲೋಟ ಕಂಡರೆ ಕೊಟ್ಟಿಗೆಗೆ ಓಡುವ ಮಗ ಅಲ್ಲಿ ಸಾಲಿನಲ್ಲಿ ನಿಂತು 150 ಮಿಲಿಲೀಟರು ಕುಡಿದು ಲೋಟ ತೊಳೆದಿಟ್ಟು ಬರುತ್ತಾನಂತೆ. ಟೀಚರು ಹೇಳಿದಾಗ ನಾನು ನಂಬಲಿಲ್ಲ. ದನ ನಮ್ಮದು, ಹುಲ್ಲು ನಮ್ಮದು, ಕರೆಯುವವಳು ನಾನು. ಆ ಹಾಲಿಗೆ ಏನು ಕಡಿಮೆಯಾಗಿದೆ ಎಂದು ಕೇಳಿದರೆ, "ಅಲ್ಲಿ ಎಲ್ಲರೂ ಕುಡೀತಾರೆ" ಎಂಬ ಉತ್ತರ. ಮತ್ತೆ ಅದೇ ಬೆಂಚು. ಆದರೆ ಇದೊಂದು ಸಲ ಬೆಂಚಿನಿಂದ ನಮಗೆ ಲಾಭವಾದ್ದರಿಂದ ಹೆಚ್ಚು ವಾದಿಸಲಿಲ್ಲ.

ಪೆನ್ಸಿಲು, ರಬ್ಬರು, ನೋಟ್‌ಪುಸ್ತಕಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಪೂರ್ತಿ ಹೋಗಿದೆ. ಪೆನ್ಸಿಲು ಕಳೆದುಹೋಗುವ ದರದಲ್ಲಿ ಮಾತ್ರ ಇಳಿಕೆ ಕಂಡಿಲ್ಲ. ಸಂಜೆ ಬ್ಯಾಗು ಕೊಡವಿದರೆ ಹೋದ ಪೆನ್ಸಿಲಿನ ಜಾಗದಲ್ಲಿ ಯಾರದೋ ಅರ್ಧ ಪೆನ್ಸಿಲು, ಅದರ ಹಿಂದೆ ಹಲ್ಲಿನ ಗುರುತು. ಇಡೀ ಕ್ಲಾಸಿನ ಪೆನ್ಸಿಲುಗಳು ಮನೆಯಿಂದ ಮನೆಗೆ ಊಟಕ್ಕೆ ಹೋಗುವ ನೆಂಟರಂತೆ ತಿರುಗುತ್ತಿರುತ್ತವೆ.

ನಮ್ಮ ಮನೆಗೆ ದುಡ್ಡು ಬರುವುದು ತಿಂಗಳಿಗೊಮ್ಮೆ ಅಲ್ಲ, ಅಡಿಕೆ ಕೊಟ್ಟಾಗ. ಹಾಗಾಗಿ ಮಕ್ಕಳು ಏನು ಕೇಳಿದರೂ ಇವರದು ಒಂದೇ ಮಾತು: "ಅಡಿಕೆ ಕೊಡುವಾಗ ನೋಡುವಾ." ಈ ಮಾತನ್ನು ಕೇಳಿ ಕೇಳಿ ಮಕ್ಕಳು ಪೇಪರಿನಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಘವಾದ ಕ್ಯಾಂಪ್ಕೋದ ರೇಟು ಓದಲು ಕಲಿತಿದ್ದಾರೆ. ಏಳರ ಮಗ್ಗಿಯಲ್ಲಿ ಎಡವುವ ಮಗನಿಗೆ ಹೊಸ ಅಡಿಕೆಗೆಷ್ಟು, ಹಳತಿಗೆಷ್ಟು, ಕಡಿಮೆ ದರ್ಜೆಯ ಪಟೋರಕ್ಕೆಷ್ಟು ಎಂಬುದೆಲ್ಲ ಬಾಯಿಪಾಠ. ಬೆಳಿಗ್ಗೆ ಕಾಫಿಯ ಹೊತ್ತಿಗೆ ಪೇಪರು ಹಿಡಿದು ಬಂದು, "ಅಪ್ಪಾ, ಐದು ರೂಪಾಯಿ ಹತ್ತಿದೆ, ಕೊಡುವಾ" ಎನ್ನುತ್ತಾನೆ. ಇನ್ನೂ ಹತ್ತುತ್ತದೆ ಎಂದು ಕಾದು ಕೂತ ಅಪ್ಪನಿಗೆ ಬೆವರು. ರೇಟು ಇಳಿದ ದಿನ ಇವರಿಗಿಂತ ಮೊದಲು ಮಗನ ಮುಖ ಸಪ್ಪಗಾಗುತ್ತದೆ. ಅವನ ಥ್ರೀ ಫೋಲ್ಡ್ ಅಷ್ಟು ದೂರ ಹೋಯಿತಲ್ಲ.

ಕೊನೆಗೆ ಅಡಿಕೆ ಕೊಟ್ಟದ್ದಾಯಿತು, ಕೊಡೆಯೂ ಬಂತು. ಥ್ರೀ ಫೋಲ್ಡ್ ಅಲ್ಲ, ಟೂ ಫೋಲ್ಡ್. ಸಂಧಾನದ ಕೊಡೆ ಎಂದು ಇಟ್ಟುಕೊಳ್ಳಿ. ತನಗೆ ಆದ ನಷ್ಟಕ್ಕೆ ಪರಿಹಾರವೆಂದು ಮಗ ಅಂಗಡಿಯಲ್ಲೇ ಚಾಕಲೇಟು ಕೇಳಿದ. ಸಾಮಾನಿನ ಚೀಟಿಯಲ್ಲಿ ಅದು ಇಲ್ಲ ಎಂದೆ. ಆರನೇ ಕ್ಲಾಸಿನ ಅಕ್ಕ ಅಲ್ಲಿಯ ತನಕ ಸುಮ್ಮನಿದ್ದವಳು ವಕಾಲತ್ತು ವಹಿಸಿದಳು.

"ಅಮ್ಮ, ಕ್ಯಾಂಪ್ಕೋದವ್ರು ಪುತ್ತೂರಲ್ಲಿ ಚಾಕಲೇಟು ಮಾಡ್ತಾರಲ್ವಾ?"

"ಹೌದು, 1986ರಿಂದ."

"ಅಪ್ಪ ಕ್ಯಾಂಪ್ಕೋ ಮೆಂಬರಲ್ವಾ?"

"ಹೌದು."

"ಹಾಗಾದ್ರೆ ಕ್ಯಾಂಪ್ಕೋ ಚಾಕಲೇಟು ತಗೊಂಡ್ರೆ ದುಡ್ಡು ನಮಗೇ ವಾಪಸ್ ಬರ್ತದೆ. ಅದು ಖರ್ಚಲ್ಲ."

ಇವರು ನನ್ನ ಮುಖ ನೋಡಿದರು. ನಾನು ಅಂಗಡಿಯವನ ಮುಖ ನೋಡಿದೆ. ಅವನಾಗಲೇ ಎರಡು ಬಾರ್ ತೆಗೆದು ಮೇಜಿನ ಮೇಲೆ ಇಟ್ಟಿದ್ದ.