ನಗದಿದ್ದರೆ ನಕ್ಷತ್ರ ಕಡಿತ

ಪಟ್ಟಿ ಮತ್ತೆ ಬಂದಿದೆ. ಪ್ರವಾಸಿಗರನ್ನು ಕಂಡರೆ ಅರಳುವ ಊರುಗಳು ಇಂತಿಷ್ಟು, ಮುಖ ಗಂಟಿಕ್ಕುವ ಊರುಗಳು ಇಂತಿಷ್ಟು. ನೀವೂ ನೋಡಿರುತ್ತೀರಿ, ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಿವೃತ್ತರಾದ ಭಾವನವರೊಬ್ಬರು ಬೆಳಕು ಹರಿಯುವ ಮೊದಲೇ ಹಾಕಿರುತ್ತಾರೆ. ನಮ್ಮ ಗುಂಪಿನಲ್ಲೂ ಬಂತು. ಬಂದ ಕೂಡಲೇ ಎಲ್ಲರದೂ ಒಂದೇ ಪ್ರಶ್ನೆ: ಕೊಡಗು ಇದೆಯೇ? ಇಲ್ಲ. ಒಳ್ಳೆಯವರ ಸಾಲಿನಲ್ಲೂ ಇಲ್ಲ, ಒರಟರ ಸಾಲಿನಲ್ಲೂ ಇಲ್ಲ. ಎರಡನೆಯದರಲ್ಲಿ ಇಲ್ಲದ್ದಕ್ಕೇ ಕೆಲವರಿಗೆ ಹೆಚ್ಚು ಬೇಸರವಾದಂತೆ ಕಂಡಿತು.

ಈ ಶಾಸ್ತ್ರ ಹೇಗೆ ನಡೆಯುತ್ತದೆ ಎಂಬುದಕ್ಕೆ ಹಳೆಯದೊಂದು ಉದಾಹರಣೆ ಸಾಕು. 2013ರಲ್ಲಿ ಅಮೆರಿಕದ ಪ್ರವಾಸಿ ಮಾಸಿಕವೊಂದು ತನ್ನ ಓದುಗರಿಂದ ಮತ ಹಾಕಿಸಿ, ಜಗತ್ತಿನ ಅತ್ಯಂತ ಒರಟು ನಗರವೆಂಬ ಬಿರುದನ್ನು ನ್ಯೂಜೆರ್ಸಿಯ ನ್ಯೂವಾರ್ಕ್‌ಗೆ ದಯಪಾಲಿಸಿತು. ನ್ಯೂಯಾರ್ಕ್‌ಗೆ ಹೋಗುವ ಎಷ್ಟೋ ಜನ ಇಳಿಯುವ ವಿಮಾನ ನಿಲ್ದಾಣ ಅಲ್ಲಿದೆ. ಇಳಿದವರಿಗೆ ಸಾಲು ಉದ್ದವಾಗಿದ್ದಿರಬೇಕು, ಸೂಟ್‌ಕೇಸು ಬಾರದೆ ಹೋಗಿರಬೇಕು, ಕಾವಲಿನವನು ಬೆಲ್ಟು ಬಿಚ್ಚಿಸಿರಬೇಕು. ಊರೊಳಗೆ ಕಾಲಿಡದೆ ಟ್ಯಾಕ್ಸಿ ಹತ್ತಿ ಹೋದರು, ಹೋಗುತ್ತಾ ಮತ ಹಾಕಿದರು. ತನ್ನ ಮನೆಯಲ್ಲಿ ತಣ್ಣಗೆ ಮಲಗಿದ್ದ ನ್ಯೂವಾರ್ಕಿನ ಅಜ್ಜಿ ಬೆಳಗಾಗುವಷ್ಟರಲ್ಲಿ ಒರಟರ ರಾಣಿಯಾಗಿಬಿಟ್ಟಳು.

ಕೊಡಗಿಗೆ ಆ ಭಯವಿಲ್ಲ. ಇಡೀ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವೂ ಇಲ್ಲ, ರೈಲು ನಿಲ್ದಾಣವೂ ಇಲ್ಲ. ನಮ್ಮ ಅತಿಥಿ ಶನಿವಾರ ನಸುಕಿಗೇ ಬೆಂಗಳೂರು ಬಿಡುತ್ತಾನೆ. ಟೋಲ್‌ನಲ್ಲಿ ಒಂದು ಜಗಳ, ಹುಣಸೂರು ದಾಟುವಾಗ ಹಿಂದಿನ ಸೀಟಿನಲ್ಲಿ ಮಗುವಿನ ವಾಂತಿ, ಕುಶಾಲನಗರದ ವಾಹನ ಸಾಲಿನಲ್ಲಿ ಹೆಂಡತಿಯ ಮೌನ. ಇಷ್ಟನ್ನೂ ಹೊತ್ತು ಮಡಿಕೇರಿಗೆ ಬಂದು ಮೊದಲು ಕಂಡವನನ್ನು ದಾರಿ ಕೇಳುತ್ತಾನೆ. ಆ ಮೊದಲು ಕಂಡವನ ಮುಖದಲ್ಲಿ ನಗು ಇತ್ತೋ ಇಲ್ಲವೋ ಎಂಬುದರ ಮೇಲೆ ಐದೂವರೆ ಲಕ್ಷ ಜನರ ಸ್ವಭಾವ ನಿಂತಿದೆ. ನಮಗೊಂದು ಲಾಭವೂ ಇದೆ, ಅದನ್ನು ಮುಚ್ಚಿಡಬಾರದು. ಬೈಲುಕುಪ್ಪೆಯ ಸ್ವರ್ಣಮಂದಿರ ಇರುವುದು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ. ಆದರೆ ಅಲ್ಲಿನ ಟಿಬೆಟನ್ ಭಿಕ್ಕುಗಳು ನಕ್ಕರೆ ಆ ಅಂಕ ಕೊಡಗಿನ ಖಾತೆಗೇ ಜಮೆ. ಮೈಸೂರಿನವರು ಇದುವರೆಗೆ ಕೇಳಿಲ್ಲ, ನಾವೂ ಹೇಳಿಲ್ಲ.

ಒರಟರೆಂಬ ಹೆಸರು ಬಂದ ಊರುಗಳು ಸುಧಾರಿಸಿಕೊಳ್ಳಲು ಪಟ್ಟ ಪಾಡು ದೊಡ್ಡದು. ಬೀಜಿಂಗ್‌ನವರು 2008ರ ಒಲಿಂಪಿಕ್ಸ್‌ಗೆ ಮುಂಚೆ ಪ್ರತಿ ತಿಂಗಳ 11ನೇ ತಾರೀಖನ್ನು ಸಾಲಿನಲ್ಲಿ ನಿಲ್ಲುವ ದಿನವೆಂದು ಘೋಷಿಸಿದರು. ಹನ್ನೊಂದು ಎಂದರೆ ಒಬ್ಬರ ಹಿಂದೆ ಒಬ್ಬರು ನಿಂತಂತೆ ಕಾಣುತ್ತದಂತೆ. ಉಳಿದ ದಿನಗಳಲ್ಲಿ ನೂಕಬಹುದಿತ್ತೇನೋ. ಪ್ಯಾರಿಸ್‌ನವರು 2013ರಲ್ಲಿ ಟ್ಯಾಕ್ಸಿ ಚಾಲಕರಿಗೆ, ಹೋಟೆಲಿನವರಿಗೆ, ಅಂಗಡಿಯವರಿಗೆ ಒಂದು ಕೈಪಿಡಿ ಹಂಚಿದರು. ಬ್ರಿಟಿಷರನ್ನು ಮೊದಲ ಹೆಸರು ಹಿಡಿದು ಕರೆದರೆ ಅವರಿಗೆ ಇಷ್ಟ, ಚೀನಿಯರಿಗೆ ಅವರ ಭಾಷೆಯಲ್ಲಿ ಒಂದು ನಮಸ್ಕಾರ, ಒಂದು ನಗು ಸಾಕು, ಹೀಗೆ ದೇಶವಾರು ವಿವರ. ನಗುವುದಕ್ಕೂ ಸುತ್ತೋಲೆ ಬೇಕಾದ ಊರು ಎಂದು ಪ್ಯಾರಿಸನ್ನು ನೋಡಿ ನಗಬೇಡಿ. ಕೊಡಗಿಗೂ ಇಂಥದೊಂದು ತುರ್ತಾಗಿ ಬೇಕಾಗಿದೆ. ಸರ್ಕಾರ ಕೇಳಿದರೆ ನಾನೇ ಬರೆದುಕೊಡುತ್ತೇನೆ.

ಮೊಬೈಲ್ ಸಿಗ್ನಲ್ ಇಲ್ಲವೆಂಬುದನ್ನು ಬಂದ ಕೂಡಲೇ ಹೇಳಬಾರದು. ಮೊದಲು ಕೂರಿಸಿ, ನೀರು ಕೊಡಿ, ಗುಂಪಿನಲ್ಲಿ ಗಟ್ಟಿ ಗುಂಡಿಗೆಯವರು ಯಾರೆಂದು ನೋಡಿಕೊಂಡು ಅವರನ್ನು ಪಕ್ಕಕ್ಕೆ ಕರೆದು ತಿಳಿಸಿ. ಮಾಂದಲ್‌ಪಟ್ಟಿಗೆ ಜೀಪಿನಲ್ಲಿ ಮೂಳೆ ಕುಲುಕಿಸಿಕೊಂಡು ಹೋದವರಿಗೆ ಮಂಜು ಬಿಟ್ಟು ಬೇರೇನೂ ಕಾಣದಿದ್ದರೆ ತಪ್ಪು ನಿಮ್ಮದು. ಮಂಜಿಲ್ಲದೆ ಬಿಸಿಲು ಬಂದು ಬೆಟ್ಟವೆಲ್ಲ ಕಂಡರೂ ತಪ್ಪು ನಿಮ್ಮದೇ, ಏಕೆಂದರೆ ಅವರು ಸ್ವೆಟರ್ ತಂದಿರುತ್ತಾರೆ. ಮಳೆಗಾಲದಲ್ಲಿ ಬಂದು ಮಳೆ ಎಂದು ದೂರುವವರ ಮುಂದೆ, ಭಾಗಮಂಡಲದ ಕಡೆ ವರ್ಷದ ಮಳೆ ಐದು ಸಾವಿರ ಮಿಲಿಮೀಟರ್ ದಾಟುವುದು ಹೊಸದೇನಲ್ಲ ಎಂಬ ವಾದ ಹೂಡಬೇಡಿ; ಅದು ಉದ್ಧಟತನವೆನಿಸುತ್ತದೆ. ಜಿಗಣೆ ಕಚ್ಚಿದರೆ ಅದರ ಪರವಾಗಿ ಕ್ಷಮೆ ಕೇಳಿ.

ಊಟದ ಅಧ್ಯಾಯ ಸ್ವಲ್ಪ ಸೂಕ್ಷ್ಮ. ಅತಿಥಿಗೆ ಕೊಡಗಿನ ಅಪ್ಪಟ ರುಚಿ ಬೇಕು, ಆದರೆ ಹಂದಿ ಬೇಡ, ಕಾಚಂಪುಳಿಯೆಂಬ ನಮ್ಮ ವಿನೆಗರ್ ಹುಳಿಯೆನಿಸಬಾರದು, ಖಾರ ಮಕ್ಕಳು ತಿನ್ನುವಷ್ಟೇ ಇರಬೇಕು. ಇಂಥವರಿಗಾಗಿಯೇ ಕೆಲವು ಕಡೆ ಕಡಂಬುಟ್ಟಿನ, ಅಂದರೆ ಅಕ್ಕಿತರಿಯ ಉಂಡೆಯ, ಜೊತೆ ಪನ್ನೀರು ಬಡಿಸುವ ಪರಂಪರೆ ಶುರುವಾಗಿದೆ. ಇನ್ನು ಹತ್ತು ವರ್ಷಕ್ಕೆ ಅದು ಪುರಾತನವಾಗುತ್ತದೆ. ದೇಶದ ಕಾಫಿಯಲ್ಲಿ ಮೂರರಲ್ಲೊಂದು ಭಾಗ ಬೆಳೆಯುವ ನಾಡಿನಲ್ಲಿ ಬೆಲ್ಲದ ಕಾಫಿ ಕೊಟ್ಟರೆ, ಹಾಲು ಮುಗಿದಿದೆಯೇ ಎಂದು ಮರುಕದಿಂದ ಕೇಳುತ್ತಾರೆ. ನಗುತ್ತಾ ಹೌದು ಎನ್ನಿ. ರಸ್ತೆ ಬದಿಯ ಕಿತ್ತಳೆ ಕೊಡಗಿನದೇ ಎಂದು ಕೇಳಿದರೂ ಹೌದು ಎನ್ನಿ. ಕೊಡಗಿನ ಕಿತ್ತಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಹಣ್ಣು ಮಾತ್ರ ಸಿಗುತ್ತಿಲ್ಲ; ನಾಗಪುರದ ಹಣ್ಣು ಲಾರಿಯಲ್ಲಿ ಬಂದು ನಮ್ಮ ಮಾನ ಕಾಯುತ್ತಿದೆ.

ಇನ್ನು ಸ್ಥಳೀಯರೊಂದಿಗೆ ಫೋಟೊ. ತೋಟದ ಪಕ್ಕ ಕಾರು ನಿಲ್ಲಿಸಿ, ಕಾಫಿ ಕೊಯ್ಯುತ್ತಿರುವ ಹೆಣ್ಣುಮಗಳ ಹೆಗಲ ಮೇಲೆ ಕೈಹಾಕಿ ‘ಕೊಡಗಿನ ಮುಗ್ಧ ಜನ’ ಎಂದು ಹಾಕುತ್ತಾರೆ. ಆಕೆ ಅಸ್ಸಾಮಿನವಳು. ರೆಸಾರ್ಟಿನ ಬಾಗಿಲಲ್ಲಿ ಕುಪ್ಯ, ಚೇಲೆ ತೊಟ್ಟು, ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿಕೊಂಡು ಸಲಾಮು ಹೊಡೆಯುವ ಹುಡುಗನಿಗೆ ಊರು ಯಾವುದೆಂದು ಕೇಳಿ ನೋಡಿ, ಒಡಿಶಾ ಎಂದಾನು. ಮದುವೆಯಲ್ಲಿ ಮದುಮಗನ ಸರೀಕರು ತೊಡುವ ಉಡುಪನ್ನು ಸೂಟ್‌ಕೇಸ್ ಹೊರುವವನಿಗೆ ಸಮವಸ್ತ್ರ ಮಾಡಿದ ಮೇಲೆ ಆತಿಥ್ಯದ ಅಂಕ ಕಡಿಮೆಯಾಗಲು ಸಾಧ್ಯವೇ? ತಮಾಷೆಯೆಂದರೆ ಆ ಹುಡುಗ ನಿಜಕ್ಕೂ ಒಳ್ಳೆಯವನು. ದಣಿದಿರುತ್ತಾನೆ, ಆದರೂ ನಗುತ್ತಾನೆ. ನಗದಿದ್ದರೆ ಸಂಬಳ ಹಿಡಿಯುತ್ತಾರೆ. ಪಟ್ಟಿಯವರು ಅಳೆದದ್ದು ಆ ಸಂಬಳದ ನಗುವನ್ನು. ಅವರಿಗೆ ಸಿಕ್ಕವರು ಮಾಣಿ, ಚಾಲಕ, ಸ್ವಾಗತದ ಮೇಜಿನವರು. ಪಂಚಾಯಿತಿ ಕಟ್ಟೆಯ ಮೇಲೆ ಕುಳಿತು ಅಪರಿಚಿತರನ್ನು ದುರುಗುಟ್ಟಿ ನೋಡುವ ನಮ್ಮ ಹಿರಿಯರ ಕೌಶಲಕ್ಕೆ ಯಾವ ಪಟ್ಟಿಯೂ ನ್ಯಾಯ ಒದಗಿಸಿಲ್ಲ.

ಹೊರಗೆ ಊರುಗಳಿಗೆ ತಾಳ್ಮೆ ಮುಗಿದಿದೆ. 2024ರ ಜುಲೈನಲ್ಲಿ ಬಾರ್ಸಿಲೋನಾದ ಪ್ರತಿಭಟನಕಾರರು ಹೋಟೆಲಿನ ಹೊರಗೆ ಕುಳಿತು ಉಣ್ಣುತ್ತಿದ್ದ ಪ್ರವಾಸಿಗರ ಮೇಲೆ ನೀರಿನ ಪಿಸ್ತೂಲು ಹಾರಿಸಿದರು. ಅದೇ ವರ್ಷ ವೆನಿಸ್ ನಗರ ಬೆಳಿಗ್ಗೆ ಬಂದು ಸಂಜೆ ಹೋಗುವವರಿಗೆ ಕೆಲವು ದಿನಗಳಲ್ಲಿ ಐದು ಯೂರೊ ಪ್ರವೇಶ ಶುಲ್ಕ ಹಾಕಿತು. ಜಪಾನಿನ ಒಂದು ಪಟ್ಟಣದವರು ಫ್ಯೂಜಿ ಪರ್ವತ ಚೆನ್ನಾಗಿ ಕಾಣುವ ಜಾಗಕ್ಕೇ ಕಪ್ಪು ಪರದೆ ಕಟ್ಟಿದರು. ಜಗತ್ತೆಲ್ಲ ಅಯ್ಯೋ ಎಂದಿತು. ಈಗ ನಮ್ಮ ಕಡೆ ನೋಡಿ. ಕೋವಿಗೆ ಪರವಾನಗಿ ಬೇಕಿಲ್ಲವೆಂಬ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಕೈಲ್‌ಮುಹೂರ್ತದಂದು ಕೋವಿಗೆ ತೋಕ್ ಪೂ ಎಂಬ ಹೂವಿಟ್ಟು ಪೂಜೆ ಮಾಡುತ್ತಾರೆ. ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಗುಂಡು ಹಾರಿಸುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಇಷ್ಟು ಕೋವಿಗಳಿರುವ ನಾಡು ಪ್ರವಾಸಿಗರ ಮೇಲೆ ಒಂದು ನೀರಿನ ಪಿಸ್ತೂಲನ್ನೂ ಎತ್ತಿಲ್ಲ. ಸ್ನೇಹದಲ್ಲಿ ನಮ್ಮನ್ನು ಮೀರಿಸುವವರು ಯಾರು?

ಇದಕ್ಕೆ ಪ್ರತಿಯಾಗಿ ನಮಗೆ ಸಿಗುವುದು ನಕ್ಷತ್ರ. ಈಗ ಎಲ್ಲಕ್ಕೂ ನಕ್ಷತ್ರವಿದೆ. ಅಬ್ಬಿ ಜಲಪಾತಕ್ಕೆ ಇದೆ, ರಾಜಾಸೀಟಿನ ಸೂರ್ಯಾಸ್ತಕ್ಕೆ ಇದೆ. ತಲಕಾವೇರಿಗೂ ಇದೆ: ಮೆಟ್ಟಿಲು ಜಾಸ್ತಿ, ಕುಂಡಿಕೆ ಚಿಕ್ಕದು, ಇಷ್ಟು ದೂರ ಬಂದು ನೋಡುವಂಥದ್ದೇನಿಲ್ಲ. ಎರಡು ರಾಜ್ಯಗಳು ನೂರು ವರ್ಷ ಬಡಿದಾಡಿದ ನದಿಗೆ ಮೂರು ನಕ್ಷತ್ರ! ನ್ಯಾಯಮಂಡಳಿಯ ಕಾಲದಲ್ಲೇ ಗೊತ್ತಿದ್ದರೆ ಎಷ್ಟು ಕಾಗದ ಉಳಿಯುತ್ತಿತ್ತು. ವಿಮರ್ಶೆಗೆ ಒಳಗಾಗದೆ ಉಳಿದ ಮೂಲನಿವಾಸಿ ಆನೆ ಒಂದೇ. ಅದು ದಾರಿ ಬಿಡುವುದಿಲ್ಲ, ನಗುವುದಿಲ್ಲ, ಕೂಲಿಯಾಳನ್ನು ತೋಟದಲ್ಲೇ ತುಳಿದು ಹಾಕುತ್ತದೆ. ಆದರೂ ಅದು ಕಂಡರೆ ಐದು ನಕ್ಷತ್ರ, ಕಾಣದಿದ್ದರೆ ಜೀಪಿನ ಚಾಲಕನಿಗೆ ಒಂದು.

ಆತಿಥ್ಯ ನಡೆಸುವವರ ಸ್ಥಿತಿ ಪರೀಕ್ಷೆಗೆ ಕುಳಿತ ಮಕ್ಕಳಂತಾಗಿದೆ. ಮನೆ ತುಂಬಾ ಪಟ್ಟದ ಹಿರಿಯರ ಫೋಟೊ ನೇತುಹಾಕಿಕೊಂಡ ಎಪ್ಪತ್ತರ ಗೃಹಿಣಿ, ಇಪ್ಪತ್ತರ ಹುಡುಗ ‘ಆಂಟಿ, ವೈಫೈ ಪಾಸ್‌ವರ್ಡ್’ ಎಂದು ಕೂಗಿದಾಗ ಓಡುತ್ತಾರೆ. ಹೊರಡುವಾಗ ಬಾಗಿಲಲ್ಲಿ ನಿಂತು, ಚೆನ್ನಾಗಿ ಬರೆಯಿರಪ್ಪಾ, ಎನ್ನುತ್ತಾರೆ. ಬೇಡುವ ದನಿ ಅದು. ಹಿಂದೆ ಆ ಮನೆಯ ಜಗುಲಿಯಲ್ಲಿ ಅತಿಥಿಯೇ ಕೈಮುಗಿದು ಹೊರಡುತ್ತಿದ್ದ.

ನನಗೆ ತಮಾಷೆ ಸಾಕಾಯಿತು. 2019ರ ಜೂನ್‌ನಲ್ಲಿ ಈ ಜಿಲ್ಲೆಯ ಜನ ತುರ್ತು ಚಿಕಿತ್ಸೆಗೆ ಒಂದು ಸುಸಜ್ಜಿತ ಆಸ್ಪತ್ರೆ ಕೊಡಿ ಎಂದು ಸಾಮಾಜಿಕ ಜಾಲತಾಣದಲ್ಲಿ ಗೋಗರೆದರು. ಪಟ್ಟಿಗೆ ಸೇರಿಸಿ ಎಂದು ಯಾರೂ ಕೇಳಿರಲಿಲ್ಲ. ಇಂದಿಗೂ ಎದೆ ಹಿಡಿದುಕೊಂಡವರನ್ನು, ತಲೆಗೆ ಪೆಟ್ಟಾದವರನ್ನು ಮಂಗಳೂರಿಗೆ ಇಲ್ಲವೇ 120 ಕಿಲೋಮೀಟರ್ ದೂರದ ಮೈಸೂರಿಗೆ ಸಾಗಿಸುತ್ತೇವೆ. ವಾರಾಂತ್ಯದಲ್ಲಿ ಆ ಆಂಬುಲೆನ್ಸ್ ಯಾರ ಕಾರುಗಳ ಹಿಂದೆ ನಿಂತು ಕೂಗುತ್ತಿರುತ್ತದೆ ಎಂದು ಬಿಡಿಸಿ ಹೇಳಬೇಕೇ? ರಸ್ತೆಯ ತಿರುವಿನಲ್ಲಿ ಕಾರು ನಿಲ್ಲಿಸಿ ಹಾಡು ಹಾಕಿ ಕುಣಿಯುತ್ತಾರೆ. ಕುಡಿದ ಬಾಟಲಿಯನ್ನು ತೋಟಕ್ಕೆ ಎಸೆಯುತ್ತಾರೆ. ಸೋಮವಾರ ಬೆಳಿಗ್ಗೆ ಬರಿಗಾಲಿನಲ್ಲಿ ಕಳೆ ತೆಗೆಯಲು ಬಂದವಳ ಹಿಮ್ಮಡಿಯಲ್ಲಿ ಆ ಗಾಜು ಸಿಗುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದು ಮನೆ, ತೋಟ, ಜನ ಎಲ್ಲ ಮಣ್ಣಿನಡಿ ಹೋದಾಗ ಪ್ರವಾಸಿಗರು ಬರಬಾರದೆಂದು ಜಿಲ್ಲಾಡಳಿತ ನಿರ್ಬಂಧ ಹಾಕಬೇಕಾಯಿತು. ಹಾಕಬೇಕಾಯಿತು ಎಂಬುದನ್ನು ಗಮನಿಸಿ. ನಿರ್ಬಂಧ ತೆಗೆದ ಮೇಲೆ ಬಂದವರಲ್ಲಿ ಕೆಲವರು ಕುಸಿದ ಗುಡ್ಡ ಎಲ್ಲಿದೆ ಎಂದು ದಾರಿ ಕೇಳಿದರು, ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡರು. ದಾರಿ ತೋರಿಸಿದವರಲ್ಲಿ ಮನೆ ಕಳೆದುಕೊಂಡವರೂ ಇದ್ದರು. ಅವರು ನಕ್ಕರೋ ಇಲ್ಲವೋ, ಅಂಕ ಹಾಕುವವರು ತಿಳಿಸಬೇಕು.

ಬರುವವರ ಪಟ್ಟಿ ಏಕೆ ಇಲ್ಲ ಎಂದು ಒಮ್ಮೆ ಪ್ರವಾಸೋದ್ಯಮದವರೊಬ್ಬರನ್ನು ಕೇಳಿದೆ. ಯಾವ ಊರಿನ ಪ್ರವಾಸಿಗರು ಸಭ್ಯರು, ಯಾವ ಊರಿನವರು ಗಲೀಜು ಎಂದು ನಾವೂ ಮತ ಹಾಕಬಹುದಲ್ಲವೇ? ಅವರು ಗಾಬರಿಯಿಂದ ಆಚೀಚೆ ನೋಡಿ, ಹಾಗೆಲ್ಲ ಬರೆಯಬೇಡಿ ಸಾರ್, ಬುಕಿಂಗ್ ಬಿದ್ದುಹೋಗುತ್ತದೆ, ಎಂದರು.

ಅವರ ಮಾತೂ ಸುಳ್ಳಲ್ಲ. ನಾಪೋಕ್ಲು ಕಡೆ ಹೋಮ್‌ಸ್ಟೇ ನಡೆಸುವ ಪರಿಚಿತರೊಬ್ಬರಿಗೆ ಈಚೆಗೆ ಒಂದು ವಿಮರ್ಶೆ ಬಂತು. ಕೋಣೆ ಚೊಕ್ಕಟ, ಅಕ್ಕಿರೊಟ್ಟಿ ಮೆತ್ತಗೆ, ಎಲ್ಲ ಸರಿ. ಆದರೆ ನಸುಕಿನಲ್ಲಿ ಯಾರೋ ಹತ್ತಿರದಲ್ಲೇ ಎರಡು ಬಾರಿ ಗುಂಡು ಹಾರಿಸಿದರು, ಮಕ್ಕಳು ಬೆಚ್ಚಿ ಎದ್ದರು. ಮನೆಯವರು ತಿಂಡಿ ಬಡಿಸಿಟ್ಟು ಒಂದು ಮಾತೂ ಆಡದೆ ಹೊರಟುಹೋದರು, ಮುಖದಲ್ಲಿ ಸ್ವಾಗತದ ಭಾವವೇ ಇರಲಿಲ್ಲ. ಎರಡು ನಕ್ಷತ್ರ. ಇಂಥವಕ್ಕೆಲ್ಲ ಉತ್ತರ ಹಾಕುವುದು ಬೆಂಗಳೂರಿನಲ್ಲಿ ಓದುತ್ತಿರುವ ಅವರ ಮಗ. ಅವನ ಹತ್ತಿರ ಒಂದು ಸಿದ್ಧ ಒಕ್ಕಣೆ ಇದೆ, ನಡುವೆ ಕಾರಣವೊಂದನ್ನು ತುಂಬಿದರಾಯಿತು: ‘ತಮಗಾದ ಅಡಚಣೆಗೆ ವಿಷಾದಿಸುತ್ತೇವೆ. ಅಂದು ಪಕ್ಕದ ಮನೆಯಲ್ಲಿ ನಮ್ಮ ದೊಡ್ಡಪ್ಪ ತೀರಿಕೊಂಡಿದ್ದರು. ಮುಂದೆ ಹೀಗಾಗದಂತೆ ಎಚ್ಚರ ವಹಿಸುತ್ತೇವೆ.’ ಅತಿಥಿ ದೊಡ್ಡ ಮನಸ್ಸು ಮಾಡಿ ಎರಡನ್ನು ಮೂರು ಮಾಡಿದರು.