ಸತ್ಯಾಂಶ: ‘ನಿಂಟೆಂಡೊ ಆನ್’ ಹೆಲ್ಮೆಟ್ ಕಂಪನಿಯದ್ದಲ್ಲ

ತಲೆಗೆ ಹೆಲ್ಮೆಟ್ ಹಾಕಿಕೊಂಡರೆ ಆಟದೊಳಗೇ ಇಳಿದಂತೆ ಕಾಣುವ ‘ನಿಂಟೆಂಡೊ ಆನ್’ ಕನ್ಸೋಲನ್ನು (ವಿಡಿಯೊ ಗೇಮ್ ಆಡುವ ಯಂತ್ರ) ಜಪಾನಿನ ಗೇಮ್ ಕಂಪನಿ ನಿಂಟೆಂಡೊ 2005ರಲ್ಲೇ ತಯಾರಿಸಿ ಬಚ್ಚಿಟ್ಟಿತು ಅಂತ ವಿಡಿಯೊ ಸಮೇತ ಒಂದು ಸುದ್ದಿ ಹರಿದಾಡುತ್ತದೆ. ಇದು ಸುಳ್ಳು. ಆ ವಿಡಿಯೊವನ್ನು ಅಭಿಮಾನಿಯೊಬ್ಬ ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲಿ ಮಾಡಿದ್ದು. ಕೆಲಸ ಮಾತ್ರ ತುಂಬಾ ಚೆನ್ನಾಗಿತ್ತು.

ಜನ ಇದನ್ನು ನಂಬಿದ್ದಕ್ಕೂ ಕಾರಣ ಇತ್ತು. 2005ರ ಮೇ ತಿಂಗಳ ಇ3 ಎಂಬ ವಿಡಿಯೊ ಗೇಮ್ ಮೇಳದಲ್ಲಿ ನಿಂಟೆಂಡೊ ತನ್ನ ಹೊಸ ಕನ್ಸೋಲಿನ ಪೆಟ್ಟಿಗೆಯನ್ನಷ್ಟೇ ತೋರಿಸಿತು, ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್ ತೋರಿಸಲಿಲ್ಲ. ಆಗ ಅದನ್ನು ಕರೆಯುತ್ತಿದ್ದದ್ದು ‘ರೆವಲ್ಯೂಷನ್’ ಅಂತ. ಮೇಲಾಗಿ, ಕಣ್ಣಿಗಿಟ್ಟು ಆಡುವ ‘ವರ್ಚುವಲ್ ಬಾಯ್’ ಅನ್ನು ಇದೇ ಕಂಪನಿ 1995ರಲ್ಲಿ ಮಾರಿತ್ತು. ಊಹೆಗೆ ಇಷ್ಟು ಸಾಕಲ್ವಾ?

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕಂಪನಿಯ ಆಗಿನ ಅಧ್ಯಕ್ಷ ಸಟೋರು ಇವಾಟಾ ಟೋಕಿಯೊದಲ್ಲಿ ತೋರಿಸಿದ್ದು ಟಿವಿ ರಿಮೋಟಿನಂಥ ಕಂಟ್ರೋಲರ್. ಆ ಕನ್ಸೋಲ್ 2006ರ ನವೆಂಬರ್‌ನಲ್ಲಿ ‘ವೀ’ ಹೆಸರಲ್ಲಿ ಬಂತು. ನಿಜವಾದ ಹೊಸತನ ಇದ್ದದ್ದು ಆ ರಿಮೋಟಿನಲ್ಲೇ. ಕೈ ಬೀಸಿದ್ದನ್ನು ಒಳಗಿನ ಆಕ್ಸೆಲೆರೋಮೀಟರ್ ಎಂಬ ಚಲನೆ ಅಳೆಯುವ ಸೆನ್ಸರ್ ಗುರುತಿಸುತ್ತದೆ. ತುದಿಯಲ್ಲಿ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಹಿಡಿಯುವ ಪುಟ್ಟ ಕ್ಯಾಮೆರಾ ಇದೆ. ಟಿವಿ ಹತ್ತಿರ ಇಡುವ ಪಟ್ಟಿಯ ಎರಡೂ ತುದಿಯಿಂದ ಬರುವ ಬೆಳಕನ್ನು ನೋಡಿ, ರಿಮೋಟ್ ಎತ್ತ ತಿರುಗಿದೆ ಅನ್ನೋದನ್ನು ಲೆಕ್ಕ ಹಾಕುತ್ತದೆ. ಪಟ್ಟಿಯ ಕೆಲಸ ಬೆಳಕು ಕೊಡುವುದಷ್ಟೇ. ಅದರ ಬದಲು ಎರಡು ಮೇಣದಬತ್ತಿ ಹಚ್ಚಿಟ್ಟರೂ ನಡೆಯುತ್ತದೆ.