ಸ್ಪಷ್ಟನೆ: ರಸೆಲ್ ಗ್ರೂಪ್‌ನ ವಿಷಯಗಳ ಪಟ್ಟಿ ಈಗ ಚಾಲ್ತಿಯಲ್ಲಿಲ್ಲ

ಸಿಕ್ಸ್ತ್ ಫಾರ್ಮ್‌ಗೆ (ಎ ಲೆವೆಲ್ ಪರೀಕ್ಷೆಗೆ ಓದುವ, ಶಾಲೆಯ ಕೊನೆಯ ಎರಡು ವರ್ಷ) ವಿಷಯ ಆರಿಸುವ ಮಕ್ಕಳಿರುವ ಇಂಗ್ಲೆಂಡಿನ ಕನ್ನಡ ಪೋಷಕರಲ್ಲಿ ಬ್ರಿಟನ್ನಿನ ಪ್ರಮುಖ ವಿಶ್ವವಿದ್ಯಾಲಯಗಳ ಕೂಟವಾದ ರಸೆಲ್ ಗ್ರೂಪ್ ಬಗ್ಗೆ ಒಂದು ವಾಟ್ಸಾಪ್ ಸಂದೇಶ ಓಡಾಡುತ್ತಿದೆ. ‘ರಸೆಲ್ ಗ್ರೂಪ್ ಒಪ್ಪುವ ಮಾನವಿಕ ವಿಷಯಗಳು ಇತಿಹಾಸ, ಭೂಗೋಳ, ಇಂಗ್ಲಿಷ್ ಸಾಹಿತ್ಯ, ಭಾಷೆಗಳು ಮಾತ್ರ. ಸಮಾಜಶಾಸ್ತ್ರ, ರಾಜ್ಯಶಾಸ್ತ್ರ ಬೇಡ. ಲಾ ಓದಲು ಎ ಲೆವೆಲ್ ಲಾ ಕಡ್ಡಾಯ’ ಎನ್ನುತ್ತದೆ ಅದು. ಎರಡು ಮಾತೂ ಸರಿಯಲ್ಲ.

ಅಂಥದೊಂದು ಪಟ್ಟಿ ಇದ್ದದ್ದು ನಿಜ, ‘ಫೆಸಿಲಿಟೇಟಿಂಗ್ ಸಬ್ಜೆಕ್ಟ್ಸ್’ ಎಂಬ ಹೆಸರಿನಲ್ಲಿ. ಅದನ್ನು ರಸೆಲ್ ಗ್ರೂಪೇ 2019ರಲ್ಲಿ ಕೈಬಿಟ್ಟು, ಪದವಿವಾರು ಮಾಹಿತಿ ಕೊಡುವ ‘ಇನ್ಫಾರ್ಮ್ಡ್ ಚಾಯ್ಸಸ್’ ಜಾಲತಾಣ ತಂದಿತು. ಪಟ್ಟಿ ಇದ್ದಾಗಲೂ ಅದರಲ್ಲಿದ್ದದ್ದು ಪದವಿಗಳು ಹೆಚ್ಚಾಗಿ ಕೇಳುವ ವಿಷಯಗಳೇ ಹೊರತು, ಉಳಿದವು ನಿಷಿದ್ಧ ಎಂದೇನೂ ಅಲ್ಲ. ನಮ್ಮವರು ಹಾಗೆ ಓದಿಕೊಂಡರು, ಅಷ್ಟೆ.

ಲಾ ವಿಷಯಕ್ಕೆ ಬಂದರೆ, ಆಕ್ಸ್‌ಫರ್ಡ್, ಕೇಂಬ್ರಿಜ್ ಕೂಡ ಎ ಲೆವೆಲ್ ಲಾ ಕೇಳುವುದಿಲ್ಲ. ಪ್ರಬಂಧ ಬರೆಸುವ ವಿಷಯವೊಂದಿದ್ದರೆ ಅನುಕೂಲ. ಅದು ಇತಿಹಾಸವೇ ಆಗಬೇಕಿಲ್ಲ.

ಹಾಗೆಂದು ಏನು ಆರಿಸಿದರೂ ನಡೆಯುತ್ತದೆ ಎಂದಲ್ಲ. ಇಂಗ್ಲಿಷ್ ಪದವಿಗೆ ಸಾಮಾನ್ಯವಾಗಿ ಇಂಗ್ಲಿಷ್ ಸಾಹಿತ್ಯ ಬೇಕು. ಅರ್ಥಶಾಸ್ತ್ರದ ಪದವಿಗೆ ಕೇಂಬ್ರಿಜ್, ಎಲ್‌ಎಸ್‌ಇ (ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್) ಕಡ್ಡಾಯ ಮಾಡುವುದು ಗಣಿತವನ್ನು, ಅರ್ಥಶಾಸ್ತ್ರವನ್ನಲ್ಲ! ಇದು ಬಹಳ ಮನೆಗಳಲ್ಲಿ ತಡವಾಗಿ ಗೊತ್ತಾಗುವ ಸಂಗತಿ.

ದಯವಿಟ್ಟು ಆ ಸಂದೇಶವನ್ನು ಇನ್ನು ಮುಂದೆ ಕಳಿಸಬೇಡಿ. ಯಾರಾದರೂ ಕೇಳಿದರೆ, ಮಗು ಸೇರಬಯಸುವ ಕೋರ್ಸಿನ ಪುಟದಲ್ಲಿರುವ ಪ್ರವೇಶ ನಿಯಮಗಳ ಕೊಂಡಿ ಕಳಿಸಿ.